ನಡುಕಕ್ಕೊಂದು ನೌಕರಿ

ಬ್ಯಾಂಕಿನಲ್ಲಿ ನನ್ನ ಸರ್ವೀಸಿನ ಬಹುಪಾಲು ಕಳೆದದ್ದು ಬೇರೆಯವರ ಸಹಿ ನೋಡುವುದರಲ್ಲಿ. ಚೆಕ್ಕನ್ನೂ ಮಾದರಿ ಸಹಿಯ ಕಾರ್ಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ‘ಹೊಂದುತ್ತಿಲ್ಲ’ ಎಂದು ಎಷ್ಟೋ ಹಿರಿಯರನ್ನು ಕೌಂಟರಿನಿಂದ ವಾಪಸು ಕಳಿಸಿದ್ದೇನೆ. ಅವರಲ್ಲಿ ಕೆಲವರು ಅಲ್ಲೇ ನಿಂತು ಚಲನ್ನಿನ ಹಿಂಬದಿಯ ಮೇಲೆ ನಾಲ್ಕಾರು ಸಲ ಸಹಿ ಹಾಕಿ ನೋಡುತ್ತಿದ್ದರು. ಒಂದಕ್ಕೂ ಇನ್ನೊಂದಕ್ಕೂ ತಾಳಮೇಳ ಇರುತ್ತಿರಲಿಲ್ಲ. ಅವರು ನನ್ನನ್ನು ಬೈದದ್ದಿಲ್ಲ. ತಮ್ಮ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡು, ಸ್ವಲ್ಪ ನಕ್ಕು, ಕೊಡೆ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಆ ನಗೆ ಏನೆಂದು ನನಗೆ ತಿಳಿದದ್ದು ನಿವೃತ್ತಿಯಾಗಿ ಬಹಳ ವರ್ಷಗಳ ಮೇಲೆ, ನನ್ನದೇ ಚೆಕ್ಕೊಂದು ಅದೇ ಷರಾ ಹೊತ್ತು ಮನೆಗೆ ಮರಳಿದಾಗ. ಷರಾ ಬರೆದ ಹುಡುಗಿಯ ಅಕ್ಷರ ದುಂಡಗೆ, ಬಲು ಅಂದವಾಗಿತ್ತು. ತಕರಾರು ತೆಗೆಯಲು ಏನೂ ಇರಲಿಲ್ಲ.

ಕೈ ನಡುಗುತ್ತದೆ, ಅಷ್ಟೆ. ಶಿವಮೊಗ್ಗದ ಡಾಕ್ಟರು ಎರಡೂ ಕೈ ಮುಂದೆ ಚಾಚಿಸಿ, ಬೆರಳಿನಿಂದ ಮೂಗು ಮುಟ್ಟಿಸಿ, ಕಾಗದದ ಮೇಲೆ ಸುರುಳಿ ಬರೆಸಿ ನೋಡಿ, ‘ಪಾರ್ಕಿನ್ಸನ್ ಅಲ್ಲ, ಗಾಬರಿ ಬೇಡ’ ಎಂದರು. ಪಾರ್ಕಿನ್ಸನ್ನಿನ ನಡುಕ ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಹೆಚ್ಚಂತೆ. ನನ್ನದು ಕೈ ಏನನ್ನಾದರೂ ಹಿಡಿದಾಗ, ಏನಾದರೂ ಮಾಡಹೊರಟಾಗ ಏಳುವ ಜಾತಿ. ಸೆಕೆಂಡಿಗೆ 4ರಿಂದ 12 ಸಲದವರೆಗೆ ಇರುತ್ತದೆ ಎಂದರು. ಪ್ರೊಪ್ರನಲಾಲ್ ಮಾತ್ರೆ ಬರೆದುಕೊಟ್ಟು, ಕೆಲವರಿಗೆ ತಗ್ಗುತ್ತದೆ ಎಂದೂ ಹೇಳಿದರು. ನನ್ನ ವಿಷಯದಲ್ಲಿ ತಗ್ಗಿದ್ದು ಕಾಫಿ. ಅಂದಿನಿಂದ ನನ್ನ ಹೆಂಡತಿ ಅರ್ಧ ಲೋಟ ಮಾತ್ರ ಕೊಡುತ್ತಾಳೆ; ಅದು ಮುಗಿದ ಮೇಲೆ ಮತ್ತೆ ಅರ್ಧ ಲೋಟ. ಈ ಏರ್ಪಾಡಿನ ಬಗ್ಗೆ ನಾವಿಬ್ಬರೂ ಇದುವರೆಗೆ ಒಂದು ಮಾತೂ ಆಡಿಲ್ಲ.

ಇಂಥ ಕೈಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿತು ಎಂದರೆ ನನ್ನ ಹಳೆಯ ಸಹೋದ್ಯೋಗಿಗಳು ನಂಬುವುದಿಲ್ಲ. ಸಂಬಳವಿಲ್ಲ, ಭತ್ಯೆಯಿಲ್ಲ, ಆದರೆ ಮೇಲಧಿಕಾರಿ ಇದ್ದಾನೆ. ವಯಸ್ಸು ಹದಿನೈದು. ನನ್ನ ಮಗಳ ಮಗ.

ಮಗಳ ಮನೆ ಸ್ಯಾನ್ ಹೋಸೆಯ ದಕ್ಷಿಣದ ಅಂಚಿನಲ್ಲಿದೆ. ಆರು ತಿಂಗಳಿಗೆಂದು ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರ ಪಾಡು ಬಲ್ಲವರಿಗೆ ವಿವರ ಬೇಡ. ಗೋಲ್ಡನ್ ಗೇಟ್ ಸೇತುವೆ ನೋಡಿಯಾಯಿತು, ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗಿ ಬಂದಾಯಿತು, ಅಂಗಡಿಗಳಲ್ಲಿ ಪ್ರತಿಯೊಂದು ಬೆಲೆಯನ್ನೂ ರೂಪಾಯಿಗೆ ತಿರುಗಿಸಿ ನಿಟ್ಟುಸಿರು ಬಿಟ್ಟಾಯಿತು. ಅಲ್ಲಿಗೆ ಮೂರು ವಾರ. ಆಮೇಲೆ ಉಳಿಯುವುದು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗಿನ ಮನೆ, ಅದರ ತುಂಬ ಮೌನ, ಮತ್ತು ಯಾವ ಗುಂಡಿ ಒತ್ತಬಾರದು ಎಂದು ಮಗಳು ಅಂಟಿಸಿಟ್ಟ ಚೀಟಿಗಳು.

ಮೊಮ್ಮಗ ಮಾತಿನವನಲ್ಲ. ಊಟಕ್ಕೊಂದು ‘ಹೂಂ’, ಶಾಲೆ ಹೇಗಿತ್ತು ಎಂದರೆ ‘ಫೈನ್’. ಆದರೆ ಮೀನಿನ ವಿಷಯ ಎತ್ತಿದರೆ ಬೇರೆಯೇ ಹುಡುಗ. ಸಾಫ್ಟ್‌ವೇರಿನ ಅಪ್ಪ ಅಮ್ಮಂದಿರಿಗೆ ಇಂಥ ಮಗ ಹೇಗೆ ಹುಟ್ಟಿದನೆಂದು ಅವರಿಗೇ ಆಶ್ಚರ್ಯ. ನನ್ನ ಹೆಂಡತಿಗೆ ಮಾತ್ರ ಸಂಶಯವಿಲ್ಲ. ಅವಳು ತೀರ್ಥಹಳ್ಳಿಯವಳು, ತುಂಗೆಯ ದಡದಲ್ಲಿ ಮೀನು ಸಾರು ಉಂಡು ಬೆಳೆದವಳು. ‘ನಮ್ಮ ಕಡೆಯ ರಕ್ತ’ ಎನ್ನುತ್ತಾಳೆ.

ಅವನ ಕೋಣೆಯಲ್ಲಿ ಮಂಚದ ಕೆಳಗೆ ಖಾನೆಖಾನೆಯ ಪ್ಲಾಸ್ಟಿಕ್ ಪೆಟ್ಟಿಗೆಗಳು. ಗಾಳಗಳು ನಂಬರಿನ ಪ್ರಕಾರ, ಗುಂಡುಗಳು ತೂಕದ ಪ್ರಕಾರ. ನಮ್ಮ ಬ್ಯಾಂಕಿನ ಲೆಡ್ಜರುಗಳೂ ಅಷ್ಟು ಶಿಸ್ತಾಗಿ ಇರಲಿಲ್ಲ. ಒಂದು ಪೆಟ್ಟಿಗೆಯ ತುಂಬ ಕಿರುಬೆರಳಿಗಿಂತ ಸಪೂರದ ಮೆದು ಪ್ಲಾಸ್ಟಿಕ್ ಹುಳುಗಳು: ನೇರಳೆ, ಕುಂಬಳದ ಹಸಿರು, ಬೆನ್ನು ಕಂದಾಗಿ ಹೊಟ್ಟೆ ಗುಲಾಬಿಯಾದವು. ಹೆಂಡತಿ ಬಗ್ಗಿ ನೋಡಿ, ‘ಈ ಬಣ್ಣದ್ದು ನನ್ನ ಹತ್ತಿರ ಒಂದು ಮೈಸೂರು ಸಿಲ್ಕ್ ಇದೆ’ ಎಂದಳು. ಹುಳುಗಳಿಗೆ ಉಪ್ಪಿನ, ಅದ್ಯಾವುದೋ ಎಣ್ಣೆಯ ವಾಸನೆ. ಮೀನಿಗೆ ಅದು ಇಷ್ಟವಂತೆ.

ಗಾಳ ನನಗೇನೂ ಹೊಸತಲ್ಲ. ಹುಡುಗರಾಗಿದ್ದಾಗ ಊರ ಕೆರೆಯಲ್ಲಿ ಹಾಕಿದ್ದೇ ಹಾಕಿದ್ದು. ಒಂದು ವಾಟೆ ಕೋಲು, ಒಂದಿಷ್ಟು ದಾರ, ಬೆಂಡಿನ ಚೂರು, ತೆಂಗಿನ ಗರಟೆಯಲ್ಲಿ ಮಣ್ಣಿನ ಸಮೇತ ಎರೆಹುಳು. ಬೆಂಡು ಮುಳುಗಿತೋ, ಇದ್ದಬದ್ದ ಬಲವನ್ನೆಲ್ಲ ಹಾಕಿ ಕೋಲನ್ನು ತಲೆಯ ಮೇಲಿಂದ ಹಿಂದಕ್ಕೆ ಎಳೆಯುವುದು. ಅಂಗೈಯಗಲದ ಮೀನು ಆಕಾಶಕ್ಕೆ ಹಾರಿ ಹಿಂದಿನ ಲಂಟಾನ ಪೊದೆಗೆ ಬೀಳುತ್ತಿತ್ತು. ನೀರಿನಲ್ಲಿ ಮೀನು ಹಿಡಿಯುವುದಕ್ಕಿಂತ ಪೊದೆಯಲ್ಲಿ ಹುಡುಕುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಈ ಅನುಭವವನ್ನು ಅರ್ಹತೆಯೆಂದು ಮೊಮ್ಮಗನ ಮುಂದೆ ಇಟ್ಟೆ. ಅವನು ಸೌಜನ್ಯದಿಂದ ಕೇಳಿಸಿಕೊಂಡು, ‘ಇಲ್ಲಿ ಹಾಗೆ ಎಳೀಬಾರ್ದು ಅಜ್ಜ’ ಎಂದ.

ಅವನು ಕಲಿಸಲು ಹೊರಟದ್ದು ಡ್ರಾಪ್ ಶಾಟ್ ಎಂಬ ಕಟ್ಟು. ನಮ್ಮ ಕ್ರಮಕ್ಕೆ ಇದು ಪೂರಾ ತಲೆಕೆಳಗು. ನಮ್ಮಲ್ಲಿ ಸೀಸ ಮೇಲೆ, ಗಾಳ ಕೆಳಗೆ. ಇದರಲ್ಲಿ ದಾರದ ತುತ್ತತುದಿಗೆ ಗುಂಡು. ಅದಕ್ಕಿಂತ ಒಂದು ಗೇಣೋ ಒಂದು ಮೊಳವೋ ಮೇಲಕ್ಕೆ, ದಾರದ ನಡುವೆಯೇ ಗಾಳ. ಗುಂಡು ಹೋಗಿ ತಳದ ಕೆಸರಿನಲ್ಲಿ ಕೂರುತ್ತದೆ. ಮೂಗಿಗೆ ಗಾಳ ಚುಚ್ಚಿಸಿಕೊಂಡ ಹುಳು ತಳಕ್ಕೂ ತಾಗದೆ, ಮೇಲಕ್ಕೂ ಬಾರದೆ, ಮೀನು ಓಡಾಡುವ ಮಟ್ಟದಲ್ಲಿ ನಿಲ್ಲುತ್ತದೆ. ಗುಂಡು ಸುಮಾರು 7 ಗ್ರಾಂ, ನೀರು ಆಳವಿದ್ದರೆ ಅಥವಾ ಗಾಳಿ ಜೋರಿದ್ದರೆ 10 ಗ್ರಾಂ. ದಾರ 6ರಿಂದ 8 ಪೌಂಡ್ ತಾಳುವ ಫ್ಲೋರೋಕಾರ್ಬನ್. ನೀರಿಗಿಳಿದರೆ ಮೀನಿಗಿರಲಿ, ನನ್ನ ಕಣ್ಣಿಗೆ ನೀರಿನ ಹೊರಗೇ ಕಾಣುವುದಿಲ್ಲ. ಗುಂಡಿನ ತಲೆಯಲ್ಲಿ ದಾರವನ್ನು ಕಚ್ಚಿ ಹಿಡಿಯುವ ಪುಟ್ಟ ತಂತಿ ಇರುತ್ತದೆ. ಗುಂಡು ಕಲ್ಲಿನ ಸಂದಿಗೆ ಸಿಕ್ಕಿಬಿದ್ದರೆ ಜಗ್ಗಿದಾಗ ಅದೊಂದೇ ಕಳಚಿಕೊಂಡು, ಗಾಳವೂ ಹುಳುವೂ ಮನೆಗೆ ಬರುತ್ತವೆ. ಒಂದನ್ನು ಬಿಟ್ಟುಕೊಟ್ಟು ಎರಡನ್ನು ಉಳಿಸಿಕೊಳ್ಳುವ ಈ ಏರ್ಪಾಡು ಬ್ಯಾಂಕಿನವನಾದ ನನಗೆ ತಕ್ಷಣ ಹಿಡಿಸಿತು.

ಕಷ್ಟವಿದ್ದದ್ದು ಗಂಟಿನಲ್ಲಿ. ಪಾಲೊಮಾರ್ ಎಂದು ಅದರ ಹೆಸರು. ದಾರವನ್ನು ಮಡಿಸಿ ಎರಡೆಳೆ ಮಾಡಿ ಗಾಳದ ಕಣ್ಣಿಗೆ ತೂರಿಸಬೇಕು. ಆ ಎರಡೆಳೆಯಲ್ಲೇ ಸಡಿಲವಾಗಿ ಒಂದು ಸಾದಾ ಗಂಟು. ಆಮೇಲೆ ಮಡಿಕೆಯ ಕುಣಿಕೆಯನ್ನು ಅಗಲಿಸಿ ಅದರೊಳಗಿಂದ ಇಡೀ ಗಾಳವನ್ನೇ ದಾಟಿಸಿ, ಒದ್ದೆ ಮಾಡಿ, ನಿಧಾನವಾಗಿ ಬಿಗಿಯಬೇಕು. ಗುಂಡಿಗೆಂದು ಉದ್ದವಾಗಿ ಬಿಟ್ಟ ಬಾಲವನ್ನು ಗಾಳದ ಮೊನೆ ಇರುವ ಕಡೆಯಿಂದ ಮತ್ತೊಮ್ಮೆ ಕಣ್ಣಿಗೆ ತೂರಿಸಿ ಇಳಿಬಿಟ್ಟರೆ ಗಾಳ ದಾರಕ್ಕೆ ಅಡ್ಡಲಾಗಿ, ಮೊನೆ ಮೇಲೆ ಮಾಡಿಕೊಂಡು ನಿಲ್ಲುತ್ತದೆ. ಈ ಕೊನೆಯ ತೂರಿಕೆ ತಪ್ಪಿದರೆ ಗಾಳ ಸೋತು ಜೋತುಬೀಳುತ್ತದೆ.

ಒಣ ದಾರವನ್ನು ಬಿಗಿದರೆ ಉಜ್ಜಿ ಬಿಸಿಯಾಗಿ ಗಂಟು ದುರ್ಬಲವಾಗುತ್ತದೆ. ಅದಕ್ಕೇ ಒದ್ದೆ ಮಾಡುವುದು. ಮೊಮ್ಮಗ ಒದ್ದೆ ಮಾಡುವುದು ಬಾಯಿಗಿಟ್ಟು. ಮುಸುರೆ ಎಂಜಲು ಎಂದು ಎರಡು ಮನೆಗಳ ಅಡಿಗೆಮನೆಯನ್ನು ಕಾದು ಬಂದ ಅಜ್ಜಿಗೆ ಇದು ನೋಡಲಾಗಲಿಲ್ಲ.

‘ಕೆರೆ ತುಂಬ ನೀರಿರುತ್ತಲ್ಲೋ, ಅದರಲ್ಲಿ ಅದ್ದಬಾರದಾ?’

‘ಉಗುಳು ಹತ್ರ ಇದೆ ಅಜ್ಜಿ.’

ಇದಕ್ಕೆ ಉತ್ತರವಿರಲಿಲ್ಲ. ನನಗಂತೂ ಬೇರೆ ನೆನಪು ಬಂತು. ನನ್ನ ಅಜ್ಜಿ ಕೌದಿ ಹೊಲಿಯುವಾಗ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ನನ್ನದಾಗಿತ್ತು. ಅವಳು ದಾರದ ತುದಿಯನ್ನು ಬಾಯಲ್ಲಿ ನೆನೆಸಿ, ಬೆರಳಲ್ಲಿ ಹೊಸೆದು ಚೂಪು ಮಾಡಿ, ‘ನಿನ್ನ ಕಣ್ಣು ಚುರುಕು ಮಗಾ’ ಎಂದು ನನ್ನ ಕೈಗೆ ಕೊಡುತ್ತಿದ್ದಳು. ಆಟ ಬಿಟ್ಟು ಬಂದ ಸಿಡುಕಿನಲ್ಲಿ ಒಂದೇ ಸಲಕ್ಕೆ ತೂರಿಸಿ, ಸೂಜಿಯನ್ನು ಅವಳ ಮಡಿಲಿಗೆ ಹಾಕಿ ಓಡುತ್ತಿದ್ದೆ. ಈಗ ನಾನು ದಾರ ಹಿಡಿದು, ಗಾಳದ ಕಣ್ಣನ್ನು ಕಿಟಕಿಯ ಬೆಳಕಿಗೆ ಒಡ್ಡಿ, ಉಸಿರು ಬಿಗಿಹಿಡಿದು ತೂರಿಸಹೋದರೆ ದಾರ ಕಣ್ಣಿನ ಎಡಕ್ಕೆ ಬಲಕ್ಕೆ ಕೆಳಕ್ಕೆ ಎಲ್ಲ ಕಡೆಗೂ ಹೋಗುತ್ತದೆ, ಕಣ್ಣಿಗೆ ಮಾತ್ರ ಹೋಗುವುದಿಲ್ಲ. ಮೊಮ್ಮಗ ಪಕ್ಕದಲ್ಲಿ ಕೂತು ನೋಡುತ್ತಿರುತ್ತಾನೆ. ‘ಕೊಡು’ ಎನ್ನುವುದಿಲ್ಲ. ಬಹಳ ಹೊತ್ತಿನ ಮೇಲೆ, ತನಗೆ ಬೇರೇನೋ ನೆನಪಾದವನ ಹಾವಭಾವದಲ್ಲಿ, ತನ್ನದಕ್ಕೆ ಅಂತ ಕಟ್ಟಿಟ್ಟ ಇನ್ನೊಂದನ್ನು ನನ್ನ ರಾಡಿನ ಪಕ್ಕ ಇಟ್ಟು ಎದ್ದು ಹೋಗುತ್ತಾನೆ. ಈ ನಯ ಅವನಿಗೆ ಯಾರು ಕಲಿಸಿದರೋ. ಅರ್ಧ ಲೋಟದ ಅಜ್ಜಿಯಿಂದಲೇ ಬಂದಿರಬಹುದು.

ನಾವು ಹೋಗುತ್ತಿದ್ದದ್ದು ಕ್ಯಾಲೆರೊ ಜಲಾಶಯಕ್ಕೆ. 1935ರಲ್ಲಿ ಕಟ್ಟಿದ್ದು, ಲಿಂಗನಮಕ್ಕಿ ಕಂಡ ಕಣ್ಣಿಗೆ ದೊಡ್ಡದೊಂದು ಕೆರೆ. ಸುತ್ತ ಅಲ್ಲೊಂದು ಇಲ್ಲೊಂದು ಓಕ್ ಮರ ಹೊತ್ತ ಗುಡ್ಡಗಳು. ಆ ಸೀಮೆಯಲ್ಲಿ ಮಳೆ ಬರುವುದು ಚಳಿಗಾಲಕ್ಕೆ. ಹಾಗಾಗಿ ಜನವರಿಯಲ್ಲಿ ಹಸಿರಾಗುವ ಗುಡ್ಡಗಳು, ನಮ್ಮಲ್ಲಿ ಜಡಿಮಳೆ ಹೊಡೆಯುವ ಜುಲೈಯಲ್ಲಿ ಒಣಹುಲ್ಲಿನ ಹೊಂಬಣ್ಣದಲ್ಲಿ ನಿಂತಿರುತ್ತವೆ. ಶನಿವಾರ ಬೆಳಗ್ಗೆ ಮಗಳು ಕಾರಿನಲ್ಲಿ ಬಿಟ್ಟು, ‘ಅಪ್ಪ, ಟೋಪಿ ತೆಗೀಬೇಡಿ, ನೀರು ಕುಡೀತಾ ಇರಿ’ ಎಂದು ನನಗೂ, ‘ಅಜ್ಜನ್ನ ನೋಡ್ಕೋ’ ಎಂದು ಅವನಿಗೂ ಹೇಳಿ ಹೋಗುತ್ತಾಳೆ. ಪಾರ್ಕಿನ ಗೇಟು ತೆಗೆಯುವುದು ಎಂಟಕ್ಕೆ. ಮೀನು ತಿನ್ನುವುದು ಅರುಣೋದಯಕ್ಕೆ. ಈ ಅನ್ಯಾಯದ ಬಗ್ಗೆ ಮೊಮ್ಮಗ ಪ್ರತಿ ಶನಿವಾರ ಗೇಟಿನ ಹತ್ತಿರ ಭಾಷಣ ಮಾಡುತ್ತಾನೆ.

ಎಸೆಯುವುದು ಬೇಗ ಬಂತು. ಆಮೇಲಿನದು ಬಿಡುವ ವಿದ್ಯೆ. ಗುಂಡು ತಳ ಮುಟ್ಟುವವರೆಗೆ ಕಾಯಬೇಕು. ಮುಟ್ಟಿದಾಗ ‘ಟಕ್’ ಎಂದು ರಾಡಿನ ಹಿಡಿಗೆ ತಿಳಿಯುತ್ತದೆ. ದಾರವನ್ನು ಸೆಟೆಯುವಷ್ಟು ಸುತ್ತಿ, ಮತ್ತೆ ಒಂದಿಷ್ಟು ಸಡಿಲ ಬಿಡಬೇಕು. ಆ ಸಡಿಲದಲ್ಲೇ ರಾಡಿನ ತುದಿಯನ್ನು ಸಣ್ಣಗೆ ಅದುರಿಸಬೇಕು. ಹುಳು ಕುಣಿಯಬೇಕು, ಗುಂಡು ಕದಲಬಾರದು. ಗುಂಡು ಎಳೆದುಕೊಂಡು ಬಂದರೆ ಹುಳುವೂ ಓಡಿತು, ಮೀನಿಗೆ ಅನುಮಾನ ಬಂತು ಎಂದೇ ಲೆಕ್ಕ. ಹೊಸಬರು ಕೆಡುವುದು ಇಲ್ಲೇ ಎಂದ ಗುರು. ಅಲುಗಿಸು ಎಂದರೆ ಅವರು ಮೊಸರು ಕಡೆಯುತ್ತಾರೆ. ಇಲ್ಲವೇ ಹತ್ತು ನಿಮಿಷಕ್ಕೆ ಮಣಿಕಟ್ಟು ನೋವೆಂದು ನಿಲ್ಲಿಸಿಬಿಡುತ್ತಾರೆ. ತಾನು ಪಾಠ ಹೇಳುತ್ತಲೇ ನನ್ನ ರಾಡಿನ ತುದಿ ನೋಡಿದವನು ಸುಮ್ಮನಾದ.

‘ಅಜ್ಜ, ಏನ್ ಮಾಡ್ತಿದೀಯ?’

‘ಏನೂ ಮಾಡ್ತಿಲ್ಲ ಮಾರಾಯ.’

‘ಅದನ್ನೇ ಮಾಡು. ನಿಲ್ಲಿಸ್ಬೇಡ.’

ನಿಲ್ಲಿಸುವುದು ನನ್ನ ಕೈಯಲ್ಲಿದ್ದರೆ ತಾನೆ! ರಾಡಿನ ತುದಿ ತನ್ನ ಪಾಡಿಗೆ ತಾನು, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಅದುರುತ್ತಲೇ ಇತ್ತು. ಯಾವ ಸಹಿಯನ್ನೂ ನೆಟ್ಟಗೆ ಬರೆಯಗೊಡದ, ಸಾರಿನ ಸೌಟನ್ನು ತಟ್ಟೆಯವರೆಗೆ ತರಗೊಡದ, ಮದುವೆ ಮನೆಯಲ್ಲಿ ಅಕ್ಷತೆ ಹಿಡಿದರೆ ಮುಹೂರ್ತಕ್ಕೆ ಮುಂಚೆಯೇ ಉದುರಿಸುವ ಆ ನಡುಕ ಸಡಿಲ ದಾರದಲ್ಲಿ ಇಳಿದು ಹೋಗಿ, ಕೆಸರುನೀರಿನ ತಳದಲ್ಲಿ ಒಂದು ನೇರಳೆ ಹುಳುವಿಗೆ ಜೀವ ಕೊಡುತ್ತಿತ್ತು. ಮೊಮ್ಮಗ ಮೊಣಕಾಲೂರಿ ನನ್ನ ಮಣಿಕಟ್ಟನ್ನು ಹತ್ತಿರದಿಂದ ನೋಡಿದ. ಆ ನಡುಕವನ್ನು ಮರುಕವಿಲ್ಲದೆ, ಕಣ್ತಪ್ಪಿಸದೆ ನೋಡಿದವರು ಅದುವರೆಗೆ ಡಾಕ್ಟರೊಬ್ಬರೇ. ಇವನ ಮುಖದಲ್ಲಿದ್ದದ್ದು ಹೊಟ್ಟೆಕಿಚ್ಚು.

ಮೀನೇನೂ ಸಾಲುಗಟ್ಟಿ ಬರಲಿಲ್ಲ. ಚಿಕ್ಕ ಬ್ಲೂಗಿಲ್‌ಗಳು ಹುಳುವಿನ ಬಾಲ ಕಚ್ಚಿ ಕಚ್ಚಿ ಸತಾಯಿಸುವುದೇ ಹೆಚ್ಚು. ನಾವು ಕಾಯುತ್ತಿದ್ದ ಬಾಸ್ ಮೀನು ಮುಟ್ಟುವ ಬಗೆ ಬೇರೆ. ಬೆಂಡು ಮುಳುಗುವ ಗದ್ದಲವಿಲ್ಲ, ಜಗ್ಗಾಟವಿಲ್ಲ. ದಾರ ಒಂದಿಷ್ಟು ಭಾರವಾಯಿತು ಅನ್ನಿಸುತ್ತದೆ, ತೋಳಿನ ಮೇಲಿನ ಕೂಸು ನಿದ್ದೆಗೆ ಜಾರಿದಾಗ ಭಾರವಾಗುವ ಹಾಗೆ. ಬಾಣಂತನಕ್ಕೆಂದು ಹೋಗಿದ್ದಾಗ ಇದೇ ಹುಡುಗನನ್ನು ಎಷ್ಟೋ ರಾತ್ರಿ ಹಾಗೆ ಎತ್ತಿಕೊಂಡು ಅದೇ ಮನೆಯ ಹಜಾರದಲ್ಲಿ ಓಡಾಡಿದ್ದೇನೆ. ಆಗ ಕೈ ನಡುಗುತ್ತಿರಲಿಲ್ಲ. ಮಲಗಿತೋ ಇಲ್ಲವೋ ಎಂದು ಮುಖ ನೋಡಬೇಕಾಗಿಲ್ಲ, ತೋಳಿಗೇ ಗೊತ್ತಾಗುತ್ತದೆ. ಹಾಗೆ ಗೊತ್ತಾದ ಕ್ಷಣ ಇಲ್ಲಿಯೂ ಬೆಚ್ಚಿಬಿದ್ದು ಎಳೆಯಬಾರದು. ಗಾಳ ಸಣ್ಣದು, ದಾರ ತೆಳ್ಳಗಿನದು. ಸಡಿಲವನ್ನು ಸುತ್ತಿಕೊಳ್ಳುತ್ತ ರಾಡನ್ನು ಮೆಲ್ಲಗೆ ಎತ್ತಿದರೆ ಸಾಕು, ಉಳಿದದ್ದನ್ನು ಮೀನೇ ಮಾಡಿಕೊಳ್ಳುತ್ತದೆ.

ಮೇಲೆ ಬಂದದ್ದು ಹಸಿರು ಬೆನ್ನಿನ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆಯ, ಬಾಯಿಯನ್ನು ಕಣ್ಣಿನ ಆಚೆಯವರೆಗೆ ಸೀಳಿಕೊಂಡ ಲಾರ್ಜ್‌ಮೌತ್ ಬಾಸ್. ಅದನ್ನು ಹಿಡಿಯುವುದು ಕೆಳದುಟಿಯನ್ನು ಹೆಬ್ಬೆರಳಿನಿಂದ ಚಿವುಟಿ. ಬಾಯಿಯೊಳಗೆ ತರಿತರಿಯಾದ ಸಣ್ಣ ಹಲ್ಲುಗಳಿವೆ, ಕಚ್ಚುವುದಿಲ್ಲ, ಉಜ್ಜುತ್ತವೆ. ಹೆಬ್ಬೆರಳ ಚರ್ಮ ಕೆತ್ತಿಹೋಗುವುದು ಅಲ್ಲಿನ ಗಾಳಗಾರರಿಗೆ ದೊಡ್ಡಸ್ತಿಕೆ. ನನಗೂ ಇತ್ತು, ಊರಿಗೆ ಬರುವ ತನಕ. ನವೆಂಬರ್ ಮೊದಲ ವಾರ ಪಿಂಚಣಿಯವರ ಜೀವಂತ ಪ್ರಮಾಣಪತ್ರಕ್ಕೆ ಬೆರಳೊತ್ತಲು ಹೋದರೆ ಯಂತ್ರ ನನ್ನನ್ನು ಒಪ್ಪಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಒಪ್ಪಲಿಲ್ಲ. ಕೌಂಟರಿನ ಹುಡುಗಿ ನನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿ, ‘ಏನಾಯ್ತು ಸಾರ್?’ ಎಂದಳು. ‘ಮೀನು’ ಎಂದೆ. ಅವಳು ತೋರುಬೆರಳು ಇಡಿಸಿ ನಾನು ಬದುಕಿದ್ದೇನೆಂದು ದಾಖಲಿಸಿಕೊಂಡಳು.

ಮನೆಯಲ್ಲಿ ನಡೆದ ಜಗಳ ಹಿಡಿದ ಮೀನಿನದಲ್ಲ, ಬಿಟ್ಟ ಮೀನಿನದು. ‘ಏನ್ರೀ, ಕೈಗೆ ಸಿಕ್ಕ ಮೀನನ್ನ ನೀರಿಗೇ ಬಿಟ್ಟು ಬಂದ್ರಾ?’ ಎಂದು ಹೆಂಡತಿ ನಿಂತುಬಿಟ್ಟಳು. ಹುಣಸೆಹಣ್ಣು ನೆನೆಹಾಕಿಟ್ಟಿದ್ದಳು. ಆ ಕೆರೆಯ ಮೀನು ತಿನ್ನಬಾರದು, ಬೋರ್ಡು ಹಾಕಿದ್ದಾರೆ, ಮೈಯಲ್ಲಿ ಪಾದರಸವಿದೆ ಎಂದು ವಿವರಿಸ ಹೊರಟೆ. ಪಕ್ಕದ ಗುಡ್ಡಗಳಲ್ಲಿ ನ್ಯೂ ಆಲ್ಮಡೆನ್ ಎಂಬ ಪಾದರಸದ ಗಣಿಯಿತ್ತು, 1840ರ ದಶಕದಿಂದ ಅಗೆದದ್ದು. ಅಲ್ಲಿನ ಮೂಲನಿವಾಸಿಗಳಾದ ಓಲೋನಿ ಜನ ಆ ಗುಡ್ಡದ ಕೆಂಪು ಇಂಗಳಿಕವನ್ನು ಮೈಗೆ ಬಳಿದುಕೊಳ್ಳುವ ಬಣ್ಣವಾಗಿ ಬಳಸುತ್ತಿದ್ದರು. 1849ರ ಚಿನ್ನದ ಹುಚ್ಚಿನಲ್ಲಿ ಬಂದವರಿಗೆ ಅದೇ ಕೆಂಪು ಕಲ್ಲನ್ನು ಸುಟ್ಟು ತೆಗೆದ ಪಾದರಸ ಬೇಕಾಯಿತು, ಅದಿರಿನಿಂದ ಚಿನ್ನ ಬಿಡಿಸಲು. ಚಿನ್ನ ಹೋಯಿತು, ಗಣಿ ಮುಚ್ಚಿತು, ಪಾದರಸ ಮಾತ್ರ ಹಳ್ಳದ ಕೆಸರಿನಲ್ಲಿ ಉಳಿಯಿತು. ಕೆಸರಿನಿಂದ ಹುಳುಹುಪ್ಪಟೆಗೆ, ಅದರಿಂದ ಚಿಕ್ಕ ಮೀನಿಗೆ, ಚಿಕ್ಕದನ್ನು ತಿಂದ ಬಾಸಿಗೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಬಂತು. ದೊಡ್ಡ ಮೀನಿನಲ್ಲೇ ಹೆಚ್ಚು.

ಎಲ್ಲ ಕೇಳಿ ಅವಳೆಂದಳು: ‘ಚಿಬ್ಬಲಗುಡ್ಡೆಯಲ್ಲೂ ಮೀನು ಹಿಡಿಯೋ ಹಾಗಿಲ್ಲ, ಶೃಂಗೇರಿಯಲ್ಲೂ ಹಿಡಿಯೋ ಹಾಗಿಲ್ಲ. ಅಲ್ಲಿ ದೇವರಿದ್ದಾನೆ, ಪುರಿ ಹಾಕಿ ಕೈ ಮುಗಿದು ಬರ್ತೀವಿ. ನೀವು ಹಿಡಿದು, ಫೋಟೋ ತೆಗೆದು, ಬಿಟ್ಟು ಬರ್ತೀರಿ. ಅದರ ಬಾಯಿಗೆ ತೂತು ಮಾಡಿದ್ದು ಯಾಕೆ?’ ಮೊಮ್ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇವತ್ತಿಗೂ ಅವಳ ಪ್ರಶ್ನೆ ಸರಿ ಎಂದೇ ನನ್ನ ಅಭಿಪ್ರಾಯ; ಆದರೂ ಮುಂದಿನ ಶನಿವಾರ ಹೋದೆವು.

ಅವಳನ್ನು ಒಲಿಸಲು ಮೊಮ್ಮಗ ಜಪಾನಿನ ಕಥೆ ಹೇಳಿದ. ಈ ಬಾಸ್ ಮೀನಿನ ತವರು ಅಮೆರಿಕದ ಪೂರ್ವ ಭಾಗ. ಕ್ಯಾಲಿಫೋರ್ನಿಯಾಕ್ಕೆ ಅದನ್ನು ತಂದು ಬಿಟ್ಟದ್ದೇ 19ನೆಯ ಶತಮಾನದ ಕೊನೆಗೆ. 1925ರಲ್ಲಿ ಅಮೆರಿಕದಿಂದ ಜಪಾನಿನ ಆಶಿ ಸರೋವರಕ್ಕೆ ಒಯ್ದರು. ಅಲ್ಲಿ ಹರಡಿ ಹರಡಿ, ಗಾಳ ನೋಡಿ ನೋಡಿ, ಮೀನು ಜಾಣವಾಯಿತು. ಆ ಜಾಣ ಮೀನಿಗೆಂದು ಜಪಾನಿನ ಗಾಳಗಾರರು ಹದಗೊಳಿಸಿದ ಉಪಾಯವೇ ಡ್ರಾಪ್ ಶಾಟ್. ಸೀಸ ಕೆಳಗಿಟ್ಟು ಗಾಳ ಮೇಲೆ ಕಟ್ಟುವುದು ಸಮುದ್ರದವರಿಗೆ ಹಳೆಯ ಸಂಗತಿಯೇ. ಅದನ್ನು ಇಷ್ಟು ನವಿರು ಮಾಡಿದ್ದು ಜಪಾನಿನವರು. 1990ರ ದಶಕದ ಕೊನೆಗೆ ಅದು ಶಾಂತಸಾಗರ ದಾಟಿ ಕ್ಯಾಲಿಫೋರ್ನಿಯಾಕ್ಕೆ ಬಂತು. ಮೀನು ಆ ಕಡೆಗೆ ಹೋಯಿತು, ಹಿಡಿಯುವ ಬಗೆ ಈ ಕಡೆಗೆ ಬಂತು. ಜಪಾನಿಗೆ ಈಗ ಆ ಅತಿಥಿ ಬೇಡವಾಗಿದೆ. 2005ರಲ್ಲಿ ಅದನ್ನು ಉಪದ್ರವಿ ಪರಕೀಯ ಜೀವಿಗಳ ಪಟ್ಟಿಗೆ ಸೇರಿಸಿದರು. ಬೀವಾ ಸರೋವರದಲ್ಲಿ ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದೇ ನಿಷಿದ್ಧ. ಹಾಕಲು ದಡದಲ್ಲಿ ಪೆಟ್ಟಿಗೆ ಇಟ್ಟಿದ್ದಾರೆ. ‘ನೋಡಿ, ಅವರು ಬುದ್ಧಿವಂತರು’ ಎಂದಳು ನನ್ನ ಹೆಂಡತಿ.

ಅವಳ ಮೆಚ್ಚಿನವನು ಮಾತ್ರ ಜಾರ್ಜ್ ಪೆರಿ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್ಗೊಮೆರಿ ಸರೋವರದಲ್ಲಿ ಈ ಬಡ ರೈತ ಹುಡುಗ ಹಿಡಿದ ಬಾಸ್ 22 ಪೌಂಡ್ 4 ಔನ್ಸ್, ಹತ್ತು ಕಿಲೋದ ಮೇಲೆ. 2009ರಲ್ಲಿ ಬೀವಾ ಸರೋವರದಲ್ಲಿ ಮನಾಬು ಕುರಿಟಾ ಸರಿಸುಮಾರು ಅಷ್ಟೇ ತೂಕದ್ದನ್ನು ಹಿಡಿದು ದಾಖಲೆಯನ್ನು ಹಂಚಿಕೊಂಡ, ಮೀರಿಸಿದವರಿಲ್ಲ. ಪೆರಿ ಮೀನನ್ನು ಅಂಗಡಿಯಲ್ಲಿ ತೂಗಿಸಿ, ಮನೆಗೆ ಒಯ್ದ; ಮನೆಮಂದಿಯೆಲ್ಲ ಕೂತು ತಿಂದರು. ಜಗತ್ತಿನ ದಾಖಲೆ ಬಾಣಲೆಗೆ ಹೋಯಿತು. ‘ಅವನು ಮನುಷ್ಯ!’ ಎಂದಳು.

ಮೊಮ್ಮಗನ ದೇವರು ಆರನ್ ಮಾರ್ಟೆನ್ಸ್. ಡ್ರಾಪ್ ಶಾಟ್ ಎಂದರೆ ಅಮೆರಿಕದಲ್ಲಿ ಮೊದಲು ಬರುವ ಹೆಸರುಗಳಲ್ಲಿ ಒಂದು. ಬಾಸ್‌ಮಾಸ್ಟರ್ ಪಂದ್ಯಗಳಲ್ಲಿ ವರ್ಷದ ಶ್ರೇಷ್ಠ ಗಾಳಗಾರನೆಂದು 2005, 2013, 2015ರಲ್ಲಿ ಗೆದ್ದವನು. ಎಳವೆಯಲ್ಲಿ ಕ್ಯಾಲಿಫೋರ್ನಿಯಾದ ಜೋಡಿ ಪಂದ್ಯಗಳಿಗೆ ತನ್ನ ತಾಯಿಯನ್ನೇ ಜೊತೆಗಾರ್ತಿಯಾಗಿ ಕರೆದುಕೊಂಡು ಹೋಗುತ್ತಿದ್ದನಂತೆ. 2021ರ ನವೆಂಬರಿನಲ್ಲಿ ಮೆದುಳಿನ ಕ್ಯಾನ್ಸರಿನಿಂದ ತೀರಿಕೊಂಡ, ವಯಸ್ಸು 49. ಮೊಮ್ಮಗನ ಪೆಟ್ಟಿಗೆಯ ಒಂದು ಬಣ್ಣದ ಹುಳುವಿಗೆ ಆರನ್ಸ್ ಮ್ಯಾಜಿಕ್ ಎಂದೇ ಹೆಸರು. ಆ ಖಾನೆ ಖಾಲಿಯಾಗಲು ಅವನು ಬಿಡುವುದಿಲ್ಲ. ‘ನಿನ್ನ ಹ್ಯಾಂಡ್ ಆರನ್ ನೋಡಿದ್ರೆ ಖುಷಿ ಪಡ್ತಿದ್ದ ಅಜ್ಜ’ ಎಂದು ಒಮ್ಮೆ, ಇಬ್ಬರೂ ನೀರಿನ ಕಡೆ ನೋಡುತ್ತ ಕೂತಿದ್ದಾಗ, ಹೇಳಿದ. ನನ್ನ ಕೈಯ ಬಗ್ಗೆ ಯಾರೂ ಅಂಥ ಮಾತು ಹೇಳಿರಲಿಲ್ಲ.

ಕಾನೂನಿನ ಕಣ್ಣಿನಲ್ಲಿ ನಮ್ಮಿಬ್ಬರ ಸ್ಥಾನಮಾನವೂ ತಲೆಕೆಳಗು. ಕ್ಯಾಲಿಫೋರ್ನಿಯಾದಲ್ಲಿ ಹದಿನಾರು ತುಂಬದವರಿಗೆ ಗಾಳದ ಲೈಸೆನ್ಸು ಬೇಡ. ಗುರುವಿಗೆ ಬೇಕಿಲ್ಲ, ಶಿಷ್ಯನಿಗೆ ಬೇಕು. ಹೊರಗಿನವರಿಗೆ ಬೆಲೆಯೂ ಸ್ಥಳೀಯರದರ ಎರಡು ಪಟ್ಟಿಗಿಂತ ಹೆಚ್ಚು. ಹತ್ತು ದಿನದ್ದೊಂದು ಅಗ್ಗಕ್ಕೆ ಸಿಗುತ್ತದೆ, ಅದು ಸಾಕು ಎಂದೆ. ಅಳಿಯ ಕೇಳದೆ ಒಂದು ವರ್ಷದ್ದನ್ನೇ ತೆಗೆದ. 2023ರಿಂದ ಅಲ್ಲಿ ಲೈಸೆನ್ಸು ಕೊಂಡ ದಿನದಿಂದ 365 ದಿನ ನಡೆಯುತ್ತದೆ. ‘ಆರು ತಿಂಗಳಿಗೆ ಬಂದವನಿಗೆ ವರ್ಷದ ಲೈಸೆನ್ಸು ಯಾಕಪ್ಪ?’ ಎಂದರೆ, ‘ಇರ್ಲಿ ಬಿಡಿ ಮಾವ’ ಎಂದ. ದುಡ್ಡು ದಂಡ ಎಂದು ಬ್ಯಾಂಕಿನವನ ಜೀವ ಬಹಳ ದಿನ ಕೊರಗಿತು.

ಅಕ್ಟೋಬರ್ ಕೊನೆಗೆ ಹೊರಟು ಬಂದೆವು. ವಿಮಾನ ನಿಲ್ದಾಣದಲ್ಲಿ ಮೊಮ್ಮಗ ನನಗಿಂತ ಎತ್ತರವಾಗಿದ್ದಾನೆಂದು ತಬ್ಬಿಕೊಂಡಾಗ ತಿಳಿಯಿತು. ಕೆರೆಯ ದಡದಲ್ಲಿ ಇಬ್ಬರೂ ಕೂತೇ ಇರುತ್ತಿದ್ದೆವಲ್ಲ.

ಈಗ ಅಲ್ಲಿ ಚಳಿ. ಚಳಿಗೆ ಬಾಸ್ ಆಳಕ್ಕಿಳಿದು ಜಡವಾಗುತ್ತವೆ; ಅಟ್ಟಿಸಿಕೊಂಡು ಬಂದು ತಿನ್ನುವುದಿಲ್ಲ, ಬಾಯಿಯ ಮುಂದೆ ನಿಂತು ನಡುಗುವುದಾದರೆ ಮಾತ್ರ ತಿನ್ನುತ್ತವೆ. ಡ್ರಾಪ್ ಶಾಟಿಗೆ ಇದೇ ಸುಗ್ಗಿ. ಭಾನುವಾರ ಬೆಳಗ್ಗೆ ನಾನು ಮೊದಲ ಅರ್ಧ ಲೋಟ ಮುಗಿಸುವ ಹೊತ್ತಿಗೆ ಮೊಮ್ಮಗ ಫೋನು ಮಾಡುತ್ತಾನೆ. ಅವನಿಗಿನ್ನೂ ಶನಿವಾರ ರಾತ್ರಿ. ಹೋದ ವಾರ ಅವನ ಗಾಳಕ್ಕೆ ಏನೂ ಬೀಳಲಿಲ್ಲವಂತೆ. ‘ನನ್ನ ಹ್ಯಾಂಡ್ ಬೇಗ ಟೈರ್ಡ್ ಆಗುತ್ತೆ. ನಿನ್ನ ಕೈ ಬೇಕಿತ್ತು ಅಜ್ಜ’ ಎಂದ. ಹೆಂಡತಿ ಎರಡನೆಯ ಅರ್ಧ ಲೋಟವನ್ನು ತಂದು ಅಲ್ಲೇ ನಿಂತಿದ್ದಳು.

ಮಾರ್ಚಿನಲ್ಲಿ ಅವನಿಗೆ ಹದಿನಾರು. ಗಾಳಕ್ಕೂ ಕಾರಿಗೂ ಒಟ್ಟಿಗೆ ಲೈಸೆನ್ಸು. ಇನ್ನು ಗೆಳೆಯರನ್ನು ತುಂಬಿಕೊಂಡು ಹೋಗುತ್ತಾನೆ, ಅಜ್ಜನ ಅಗತ್ಯವೇನು ಎಂದುಕೊಂಡಿದ್ದೆ. ಆದರೆ ಅಲ್ಲಿನ ಕಾನೂನನ್ನು ಅಳಿಯ ಬಿಡಿಸಿ ಹೇಳಿದ: ಹೊಸ ಹುಡುಗರು ಕಾರಿನ ಲೈಸೆನ್ಸು ಪಡೆದ ಮೊದಲ ಒಂದು ವರ್ಷ, ಪಕ್ಕದಲ್ಲಿ ಲೈಸೆನ್ಸಿರುವ ಹಿರಿಯರಿಲ್ಲದೆ, ಇಪ್ಪತ್ತರ ಒಳಗಿನವರನ್ನು ಕೂರಿಸಿಕೊಳ್ಳುವಂತಿಲ್ಲ. ಅಜ್ಜನನ್ನು ಕೂರಿಸಿಕೊಳ್ಳಬಹುದು. ನನ್ನ ಗಾಳದ ಲೈಸೆನ್ಸು ಮೇ 11ರವರೆಗೆ ನಡೆಯುತ್ತದೆ.